ಬಿಟ್ಟು ಹೋಗುವ ಹಕ್ಕು, ಉಳಿದವರ ಸಿಗ್ನಲ್

ಒಂದು ಸೇವೆ ಸರಿಯಿಲ್ಲದಿದ್ದರೆ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ನಮ್ಮ ಹಕ್ಕು. ಇದಕ್ಕೆ ಯಾರ ತಕರಾರೂ ಇಲ್ಲ. ನನ್ನ ಪ್ರಶ್ನೆ ಅದರ ಮುಂದಿನದು. ಹೋಗಬಲ್ಲವರು ಹೋದ ಮೇಲೆ, ಹೋಗಲಾರದೆ ಉಳಿದವರಿಗೆ ಅವರು ಏನಾದರೂ ಬಾಕಿ ಇರುತ್ತಾರೆಯೇ? ಮೊಬೈಲ್ ಕಂಪನಿ ಬದಲಿಸುವಂಥ ಸಣ್ಣ ಕೆಲಸಕ್ಕೆ ಇಷ್ಟು ದೊಡ್ಡ ಪ್ರಶ್ನೆ ಯಾಕೆ ಎಂದು ನಿಮಗನ್ನಿಸಬಹುದು. ನನಗೆ ಇದು ಎದುರಾದದ್ದು ಅಲ್ಲಿಯೇ.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ, ಅಂದರೆ ಪೋರ್ಟಿಂಗ್, 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾಗಿ 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. ಅದಕ್ಕೂ ಮೊದಲು ಕರ್ನಾಟಕದಲ್ಲಿ 9448 ಎಂದರೆ ಬಿಎಸ್‌ಎನ್‌ಎಲ್, 9845 ಎಂದರೆ ಏರ್‌ಟೆಲ್ ಎಂದು ನಂಬರ್ ನೋಡಿಯೇ ಹೇಳಬಹುದಿತ್ತು. ಕಂಪನಿ ಬಿಟ್ಟರೆ ನಂಬರೂ ಹೋಗುತ್ತಿತ್ತು. ನಂಬರ್ ಹೋದರೆ ಬೀಗರು, ಅಡತಿ ಅಂಗಡಿ, ಬ್ಯಾಂಕು ಎಲ್ಲರಿಗೂ ಹೊಸದಾಗಿ ತಿಳಿಸಬೇಕಿತ್ತು. ಆ ತಾಪತ್ರಯಕ್ಕೆ ಹೆದರಿ ಜನ ಕಂಪನಿಯನ್ನು ಬೈಯುತ್ತ ಅಲ್ಲೇ ಉಳಿಯುತ್ತಿದ್ದರು. ಈಗ 1900ಕ್ಕೆ ಒಂದು ಸಂದೇಶ ಕಳಿಸಿದರೆ ಎಂಟು ಅಕ್ಷರಗಳ ಕೋಡ್ ಬರುತ್ತದೆ. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಒಂದೇ ಸರ್ಕಲ್‌ನೊಳಗಾದರೆ ಮೂರು ಕೆಲಸದ ದಿನಗಳಲ್ಲಿ ಎಲ್ಲ ಮುಗಿಯಬೇಕು. ಬೈಯುವ ಕಾರಣವೇ ಉಳಿದಿಲ್ಲ.

ನಮ್ಮದು ಜಮಖಂಡಿ ತಾಲೂಕಿನ ಸಾವಳಗಿ. ಊರೊಳಗೆ ಫೋನಿಗೆ ಅಡ್ಡಿಯಿಲ್ಲ. ಆದರೆ ನಮ್ಮ ಕಡೆ ಎಷ್ಟೋ ಮನೆತನಗಳು ಇರುವುದು ಊರಲ್ಲಲ್ಲ, ತೋಟದ ವಸ್ತಿಯಲ್ಲಿ. ನಮ್ಮ ವಸ್ತಿಯಲ್ಲಿ ಮಾತಾಡಬೇಕಾದರೆ ಮಾಳಿಗೆ ಹತ್ತಬೇಕಿತ್ತು. ಹೋದ ವರ್ಷ ನಾನು ಎರಡು ಕಂಪನಿಗಳ ಸಿಮ್ ಹಾಕಿಕೊಂಡು ಬಾವಿಯ ದಂಡೆ, ದನದ ಕೊಟ್ಟಿಗೆ, ಅಡುಗೆಮನೆ ಹೀಗೆ ಎಲ್ಲ ಕಡೆ ನಿಂತು ಹೋಲಿಸಿ ನೋಡಿದೆ. ಒಂದು ಅಡುಗೆಮನೆಯಲ್ಲೂ ಸಿಕ್ಕಿತು. ನಂಬರನ್ನು ಅದಕ್ಕೆ ಬದಲಿಸಿಕೊಂಡೆ. ಬಾಜೂ ವಸ್ತಿಯ ಕಾಕಾಗೂ ಹಾಗೇ ಮಾಡಲು ಹೇಳಿದೆ. ಕಾಕಾ ತಮ್ಮ ಬಟನ್ ಫೋನ್ ತೋರಿಸಿ ಹೇಳಿದರು: “ಇದಕ್ಕ ಆ ಸಿಮ್ ನಡಿಯೂದಿಲ್ಲಂತಲ್ಲೋ ತಮ್ಮಾ. ಹೊಸಾ ಫೋನ್ ತಗೋರಿ ಅಂದ ಅಂಗಡ್ಯಾಂವ. ನೀ ಏನೋ ಹ್ವಾದಿ, ನಾ ಎಲ್ಲಿ ಹೋಗ್ಲಿ?”

ಕಾಕಾ ಹೇಳಿದ್ದರಲ್ಲಿ ತಂತ್ರಜ್ಞಾನದ ಸತ್ಯವೇ ಇದೆ. 2016ರಲ್ಲಿ ಬಂದ ಜಿಯೋ ನೆಟ್‌ವರ್ಕಿನಲ್ಲಿ ಶುರುವಿನಿಂದಲೂ 2ಜಿ ಇಲ್ಲ. ಹಳೆಯ 2ಜಿ ಬಟನ್ ಫೋನ್ ಅದರಲ್ಲಿ ನಡೆಯದು. ಸ್ಮಾರ್ಟ್‌ಫೋನ್ ಇದ್ದರೂ ಕಂಪನಿ ಬಳಸುವ ತರಂಗಗಳನ್ನು ಅದು ಹಿಡಿಯುವಂತಿರಬೇಕು. 700, 850, 900 ಮೆಗಾಹರ್ಟ್ಸ್‌ನ ತರಂಗಗಳು ದೂರ ಸಾಗುತ್ತವೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತವೆ. 2300ರವು ಬೇಗ ಸೊರಗುತ್ತವೆ. ಅಂಗಡಿಯಲ್ಲಿ ನಾವು ಹೋಲಿಸುವುದು ಮಾತ್ರ ಕ್ಯಾಮೆರಾವನ್ನು. ಟವರ್‌ನಲ್ಲಿ 5ಜಿ ಇಲ್ಲದ ಕಡೆ 5ಜಿ ಫೋನ್ ಕೊಂಡರೆ ಅದಕ್ಕೆಂದು ಕೊಟ್ಟ ದುಡ್ಡು ಸುಮ್ಮನೆ ಕೂತಿರುತ್ತದೆ. ಹಕ್ಕು ಕಾಗದದ ಮೇಲೆ ಎಲ್ಲರಿಗೂ ಒಂದೇ. ಬಳಸಲು ದುಡ್ಡು ಬೇಕು, ಓದು ಬೇಕು, ವಿಚಾರಿಸಿ ಹೇಳುವ ಮಕ್ಕಳು ಮನೆಯಲ್ಲಿರಬೇಕು.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಎಂಬ ಪುಸ್ತಕ ಬರೆದರು. ಕೆಟ್ಟ ಸೇವೆಯ ಎದುರು ಮನುಷ್ಯನಿಗೆ ಎರಡು ದಾರಿ: ಬಿಟ್ಟು ಹೋಗುವುದು, ಇಲ್ಲವೇ ದನಿ ಎತ್ತುವುದು. ಅವರನ್ನು ಈ ಯೋಚನೆಗೆ ಹಚ್ಚಿದ್ದು ನೈಜೀರಿಯಾದ ರೈಲು. ಅಲ್ಲಿ ಲಾರಿಗಳು ಪೈಪೋಟಿಗೆ ಬಂದರೂ ರೈಲು ಸುಧಾರಿಸಲಿಲ್ಲ. ಸೇವೆ ಚೆನ್ನಾಗಿರಬೇಕೆಂದು ಗಟ್ಟಿಯಾಗಿ ಕೇಳಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋದರು. ರೈಲಿನವರಿಗೆ ಕಿರಿಕಿರಿ ತಪ್ಪಿತು, ಉಳಿದವರಿಗೆ ರೈಲು ಹಾಗೇ ಉಳಿಯಿತು. ಇದನ್ನು ಓದಿದಾಗ ನನಗೆ ನಮ್ಮ ವಸ್ತಿಯೇ ಕಂಡಿತು. ಇಂಗ್ಲಿಷಿನಲ್ಲಿ ಇಮೇಲ್ ಬರೆಯಬಲ್ಲ, ದೂರಿನ ನಂಬರ್ ಹಿಡಿದು ಮತ್ತೆ ಮತ್ತೆ ಕೇಳಬಲ್ಲ ಹುಡುಗರು ನಾವು ಮೊದಲು ಹೊರಟೆವು.

ಬಿಟ್ಟು ಹೋಗುವುದೇ ಪ್ರತಿಭಟನೆಯಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಲಕ್ಷಾಂತರ ಜನ ಬಿಎಸ್‌ಎನ್‌ಎಲ್‌ಗೆ ಹೋದರು. ಏರಿದ ದರ ಇಳಿಯಲಿಲ್ಲ. ಲಕ್ಷಗಟ್ಟಲೆ ಜನ ಹೋದಾಗಲೇ ಹೀಗಾದರೆ, ಒಂದು ವಸ್ತಿಯಿಂದ ಹೋದ ನಾಲ್ಕು ನಂಬರುಗಳು ಯಾರ ಲೆಕ್ಕಕ್ಕೆ? ಅಲ್ಲದೆ ಹೋದವನು ಯಾಕೆ ಹೋದ ಎಂಬುದನ್ನು ಪೋರ್ಟಿಂಗ್ ಕೋಡ್ ಹೇಳುವುದಿಲ್ಲ. ದರಕ್ಕೋ, ಜಗಳಕ್ಕೋ, ಮಾಳಿಗೆ ಹತ್ತಿ ಹತ್ತಿ ಬೇಸತ್ತೋ?

ಮಾಳಿಗೆ ಹತ್ತುವುದು ಬರೀ ಹರಟೆಗಾಗಿ ಎಂದುಕೊಳ್ಳಬೇಡಿ. ಬ್ಯಾಂಕಿನ ಒಟಿಪಿ, ಆಧಾರ್‌ನ ಒಟಿಪಿ, ಕಬ್ಬಿನ ಬಿಲ್ಲು ಜಮಾ ಆದ ಸಂದೇಶ, ಎಲ್ಲವೂ ಬರುವುದು ಅದೇ ಬಟನ್ ಫೋನಿಗೆ. ಒಟಿಪಿಯ ಅವಧಿ ಕೆಲವೇ ನಿಮಿಷ. ಮಂಡಿ ನೋವಿನ ಮುದುಕರು ಅಷ್ಟರಲ್ಲಿ ನಿಚ್ಚಣಿಕೆ ಹತ್ತಿ ಇಳಿಯಬೇಕು.

ನಮ್ಮ ತಾಲೂಕಿಗೆ ಇನ್ನೊಂದು ದಾರಿಯ ನೆನಪೂ ಇದೆ. ಕೃಷ್ಣೆಯ ನೀರಿಗಾಗಿ ಸರಕಾರವನ್ನು ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಕೂಡಿಸಿ, ತಾವೇ ದುಡಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ಉಳ್ಳವರು ತಮ್ಮ ತಮ್ಮ ಹೊಲದಲ್ಲಿ ಇನ್ನೊಂದು ಬೋರ್ ಹೊಡೆಸಿ ಸುಮ್ಮನಾಗಬಹುದಿತ್ತು. ಪೋರ್ಟಿಂಗ್ ಅಂಥ ಬೋರ್‌ವೆಲ್ಲು: ಹೊಡೆಸಿದವನಿಗೆ ನೀರು, ಬಾಜೂ ಹೊಲ ಹಾಗೇ.

ಟವರ್‌ನ ಮಾತು ಬ್ಯಾರೇಜಿಗಿಂತ ಬೇರೆ, ನಿಜ. ಲೈಸೆನ್ಸ್ ಮತ್ತು ತರಂಗಾಂತರ ಇಲ್ಲದೆ ರೈತರು ಕೂಡಿ ನೆಟ್‌ವರ್ಕ್ ಕಟ್ಟಲಾಗದು. ಆದ್ದರಿಂದಲೇ ದನಿ ಇನ್ನಷ್ಟು ಬೇಕು. ಕೇಳುವುದಕ್ಕೆ ಆಧಾರವೂ ಇದೆ. ಲಾಭವಿಲ್ಲದ ಕಡೆಗೂ ಸೇವೆ ತಲುಪಬೇಕೆಂದು ಕಂಪನಿಗಳ ಆದಾಯದ ಒಂದು ಪಾಲನ್ನು ತೆಗೆದಿಡುವ ನಿಧಿ 2002ರಿಂದ ಇದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಟ್ರಾಯ್‌ನ 2024ರ ನಿಯಮಗಳಂತೆ ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕು. ನಕ್ಷೆಯಲ್ಲಿ ಬಣ್ಣವಿದ್ದು ವಸ್ತಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಅದೇ ನಮ್ಮ ಸಾಕ್ಷಿ.

ಕಂಪನಿಗೆ ನಿಷ್ಠೆ ಇರಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ದುಡ್ಡು ಕೊಟ್ಟಿದ್ದೇವೆ, ಲೆಕ್ಕ ಚುಕ್ತಾ. ಬಾಕಿ ಇರುವುದು ಒಂದೇ ದಾರಿಯಲ್ಲಿ ನಡೆಯುವ ನೆರೆಯವರಿಗೆ. ಹೋಗಬಲ್ಲ ಶಕ್ತಿ ಯಾರಿಗಿದೆಯೋ ಕೇಳಬಲ್ಲ ಶಕ್ತಿಯೂ ಹೆಚ್ಚಾಗಿ ಅವರಿಗೇ ಇರುತ್ತದೆ. ಮೊದಲನೆಯದನ್ನು ಬಳಸಿದ ಮಾತ್ರಕ್ಕೆ ಎರಡನೆಯದರ ಹೊಣೆ ಮುಗಿಯುವುದಿಲ್ಲ.

ಈಗ ನಾವು ಮೂವರು ಹುಡುಗರು ವಸ್ತಿಯಿಂದ ವಸ್ತಿಗೆ ಹೋಗಿ, ಯಾರ ಸಿಮ್ ಯಾವುದೆಂದು ಭೇದ ಮಾಡದೆ, ಎಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಬರೆದುಕೊಳ್ಳುತ್ತಿದ್ದೇವೆ. ಗಿರಾಕಿಗಳಾಗಿ ನಾವು ನಾಲ್ಕು ಕಂಪನಿಗಳಲ್ಲಿ ಹಂಚಿಹೋಗಿದ್ದೇವೆ. ವಸ್ತಿಯವರಾಗಿ ಒಂದೇ ಕಡೆ ಇದ್ದೇವೆ. ಪಟ್ಟಿಯಲ್ಲಿ ಇಲ್ಲಿಯವರೆಗೆ ಹದಿನೇಳು ಮನೆಗಳಾಗಿವೆ. ಎಲ್ಲ ಕಂಪನಿಗಳಿಗೂ ಒಂದೇ ಪತ್ರ ಕಳಿಸುತ್ತೇವೆ. ಉತ್ತರ ಬರದಿದ್ದರೆ ಅವುಗಳ ಮೇಲ್ಮನವಿ ಪ್ರಾಧಿಕಾರಕ್ಕೆ. ಕಾಕಾ ಕೇಳಿದ್ದು ನಾ ಎಲ್ಲಿ ಹೋಗ್ಲಿ ಎಂದು. ಅವರು ಎಲ್ಲಿಗೂ ಹೋಗಬೇಕಾಗದಂತೆ ಮಾಡುವುದು ಸಾಧ್ಯವೇ ಎಂದು ನೋಡುತ್ತಿದ್ದೇವೆ.