ಊಟಕ್ಕೆ ಹೋದವರಿಗೊಂದು ಪತ್ರ

ಪಾಳಾದಿಂದ ಮುಂಡಗೋಡಕ್ಕೆ ಹೋಗುವ ಬಸ್ಸಿನಲ್ಲಿ ಲಾಮಾ ಒಬ್ಬರು ಬಂದು ಪಕ್ಕದಲ್ಲಿ ಕೂತರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಟಿಬೆಟಿಯನ್ನರು 1966ರಲ್ಲಿ ಬಂದು, ಕಾಡು ಸವರಿ, ಗೋವಿನಜೋಳ ಬಿತ್ತಿ ನೆಲೆನಿಂತವರು. ಲಾಸಾ ಸುತ್ತಿನ ಗಾಡೆನ್, ಡ್ರೆಪುಂಗ್ ಮಠಗಳ ಹೆಸರು ಈಗ ನಮ್ಮ ತಾಲ್ಲೂಕಿನವೂ ಹೌದು.

ಅದೇ 1966ರ ಕೊನೆಗೆ ದೇಶದ ವಿದೇಶಾಂಗ ಸಚಿವರಾದವರು ಎಂ.ಸಿ. ಛಾಗ್ಲಾ. ವರ್ಷ ತುಂಬುವ ಮೊದಲೇ ಆ ಹುದ್ದೆ ಬಿಟ್ಟರು. 1970ರಲ್ಲಿ ಅವರ ಮುಂದಾಳತ್ವದಲ್ಲಿ ಟಿಬೆಟ್‌ಗಾಗಿ ಸರ್ವಪಕ್ಷ ಸಂಸದೀಯ ವೇದಿಕೆ ಹುಟ್ಟಿತು. ಸಂಸದರಿಗೆ ಟಿಬೆಟ್ಟಿನ ಸಂಗತಿ ತಿಳಿಸಿಕೊಡುವುದು ಅದರ ಕೆಲಸ. ನಡುವೆ ಸುಮ್ಮನಾಗಿದ್ದ ವೇದಿಕೆಗೆ 2021ರ ಡಿಸೆಂಬರಿನಲ್ಲಿ ಮತ್ತೆ ಜೀವ ಬಂತು. ದಿಲ್ಲಿಯಲ್ಲಿ ಒಂದು ರಾತ್ರಿ ಊಟ. ಬಂದ ಸಂಸದರಲ್ಲಿ ರಾಜೀವ್ ಚಂದ್ರಶೇಖರ್, ಜೈರಾಮ್ ರಮೇಶ್, ಕೆ.ಸಿ. ರಾಮಮೂರ್ತಿ ಇದ್ದರು. ಮೂವರೂ ಆಗ ರಾಜ್ಯಸಭೆಯಲ್ಲಿ ಕರ್ನಾಟಕದವರು, ಪಕ್ಷ ಮಾತ್ರ ಎಲ್ಲರದೂ ಒಂದೇ ಅಲ್ಲ. ಕೆಲವೇ ದಿನಗಳಲ್ಲಿ ಚೀನಾ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರಿಂದ ಸಂಸದರಿಗೆ ಪತ್ರ ಬಂತು: ನೀವು ಹೋಗಿದ್ದು ನಮಗೆ ಸರಿಬರಲಿಲ್ಲ ಎಂಬ ಅರ್ಥದ್ದು.

ಯಾರ ಜೊತೆ ಉಣ್ಣಬೇಕೆಂದು ನಮ್ಮ ಸಂಸದರಿಗೆ ಹೇಳಲು ಇವರು ಯಾರು ಎಂದು ನನಗೂ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದೆ. ಉಣ್ಣಬೇಡ ಎಂದು ನನಗೆ ಯಾರೂ ಪತ್ರ ಬರೆದಿರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಟಿಬೆಟಿಯನ್ನರ ಕ್ಯಾಂಪಿನ ಒಂದು ಮನೆಯಲ್ಲೂ ಉಂಡಿಲ್ಲ. ಮಠ ನೋಡಲು ಬಂದ ನೆಂಟರನ್ನು ಕರೆದೊಯ್ದು, ಫೋಟೋ ತೆಗೆಸಿ, ಮೊಮೊ ತಿನ್ನಿಸಿ ವಾಪಸು ತಂದದ್ದಷ್ಟೇ. ಪರಿಚಯ ಬೇರೆ, ಅರಿವು ಬೇರೆ. ದಿನಾ ಕಾಣುವವರ ವಿಷಯದಲ್ಲಿ ಮೊದಲನೆಯದನ್ನೇ ಎರಡನೆಯದೆಂದು ತಿಳಿದು ನೆಮ್ಮದಿಯಾಗಿರುತ್ತೇವೆ.

ಇಲ್ಲಿ ಹುಟ್ಟಿದ ಟಿಬೆಟಿಯನ್ನರಿಗೂ ಆರ್‌ಸಿ ಎಂಬ ಪುಸ್ತಕವಿದೆ ಎಂಬುದು ನನಗೆ ತಡವಾಗಿ ಗೊತ್ತಾಯಿತು. ವಿದೇಶಿಯರೆಂದು ನೋಂದಾಯಿಸಿಕೊಂಡ ದಾಖಲೆ ಅದು, ಅವಧಿ ಮುಗಿದಾಗ ನವೀಕರಿಸಬೇಕು. ಗಣರಾಜ್ಯ ಆದಾಗಿನಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ್ದರೆ ಹುಟ್ಟಿನಿಂದಲೇ ಪೌರರು ಎಂದು ನಮ್ಮ ಹೈಕೋರ್ಟು 2013ರಲ್ಲಿ ಹೇಳಿದೆ. ಆದರೂ ಆರ್‌ಸಿ ಬಿಡದವರಿದ್ದಾರೆ. ತಿರುಗಿ ಹೋಗುವ ದಾರಿಯನ್ನು ಕಾಗದದಲ್ಲಾದರೂ ಉಳಿಸಿಕೊಳ್ಳುವ ಈ ಹಟಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಹೋದ ಚಳಿಗಾಲ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುತ್ತಿದ್ದ ಒಬ್ಬ ಹೆಂಗಸನ್ನು ಕೇಳಿಯೇಬಿಟ್ಟೆ, "ನಿಮ್ಮೂರು ಯಾವುದ್ರಿ ಅಕ್ಕಾ?"

ಮಡಚುತ್ತಿದ್ದ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಅವರು ನನ್ನನ್ನೇ ನೋಡಿದರು. "ನಮ್ಮಪ್ಪಂದು ಅಲ್ಲೇ, ಲಾಸಾ ಕಡೆ. ನಂದು ಮುಂಡಗೋಡ. ನಿಮ್ಮದು?"

"ಪಾಳಾ."

"ಹೌದ್ರೀ? ಅಲ್ಲೆ ಈ ಸಲ ಗೋವಿನಜೋಳ ಹೆಂಗೈತಿ?"