ಮಾಂಡವ್ಯನ ಗೆರೆಯ ಆಚೆ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯನ ಕತೆ ಇದೆ. ಕಳ್ಳರು ಬಚ್ಚಿಟ್ಟ ಮಾಲು ಆಶ್ರಮದಲ್ಲಿ ಸಿಕ್ಕಿತು. ಮೌನವ್ರತದಲ್ಲಿದ್ದ ಮುನಿ ಶೂಲಕ್ಕೇರಿದ. ತನಗೇಕೆ ಈ ಶಿಕ್ಷೆ ಎಂದು ಅವನು ಧರ್ಮದೇವತೆಯನ್ನೇ ಕೇಳಿದ. ಎಳವೆಯಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲ ಎಂಬ ಉತ್ತರ ಬಂತು. ಕೆರಳಿದ ಮುನಿ ಧರ್ಮನನ್ನು ದಾಸಿಯ ಮಗನಾಗಿ ಹುಟ್ಟುವಂತೆ ಶಪಿಸಿದ. ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲ ಎಂದು ಗೆರೆಯನ್ನೂ ಎಳೆದ. ಧರ್ಮ ವಿದುರನಾಗಿ ಹುಟ್ಟಿದ್ದು ಹೀಗೆ.

ಆದರೆ ಆ ಗೆರೆ ದಾಟಿದ ಹುಡುಗನನ್ನು ಏನು ಮಾಡಬೇಕು?

ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಸರ್ಕಾರ ಒದಗಿಸುವ ವಕೀಲರಾಗಿ ಬಡ ಆರೋಪಿಗಳ ಪರ ವಾದಿಸುತ್ತಿದ್ದ ಜೇಮ್ಸ್ ಫೋರ್ಮನ್ ಇದನ್ನು ಹತ್ತಿರದಿಂದ ಕಂಡವರು. 1995ರಲ್ಲಿ ಅವರ ಕಕ್ಷಿದಾರನಾಗಿದ್ದ ಹದಿನೈದರ ಕಪ್ಪು ಹುಡುಗನ ಬಳಿ ಪಿಸ್ತೂಲು, ಸ್ವಲ್ಪ ಗಾಂಜಾ ಸಿಕ್ಕಿತ್ತು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೋರಾಟವನ್ನು ನೆನಪಿಸಿ ಗದರಿದ ನ್ಯಾಯಾಧೀಶರು ಅವನನ್ನು ಓಕ್ ಹಿಲ್ ಎಂಬ ಬಾಲಬಂದಿಖಾನೆಗೆ ಕಳಿಸಿದರು. ಅಲ್ಲಿ ಸರಿಯಾದ ಶಾಲೆಯೇ ಇರಲಿಲ್ಲ. ಬುದ್ಧಿ ಕಲಿಯಲೆಂದು ಕಳಿಸಿದ ಜಾಗದಲ್ಲಿ ಸರಿಯಾಗಿ ಕಲಿಸುವವರಿಲ್ಲ!

ಫೋರ್ಮನ್ 1997ರಲ್ಲಿ ಡೇವಿಡ್ ಡೊಮೆನಿಚಿ ಜೊತೆ ಇಂಥ ಮಕ್ಕಳಿಗಾಗಿ ಶಾಲೆ ತೆರೆದರು. ಅದಕ್ಕೆ ಕವಯಿತ್ರಿ ಮಾಯಾ ಏಂಜೆಲೊ ಹೆಸರು. 2007ರಲ್ಲಿ ಅವರ ಸಂಸ್ಥೆ ಓಕ್ ಹಿಲ್ ಒಳಗಿನ ಶಾಲೆಯನ್ನೇ ವಹಿಸಿಕೊಂಡಿತು.

ಅಲ್ಲಿನ ತೊಡಕು ಬೇರೆ ಬಗೆಯದು. ಹುಡುಗರು ಬರುವುದೂ ಹೋಗುವುದೂ ಕೋರ್ಟಿನ ತಾರೀಖಿನಂತೆ, ಶಾಲೆಯ ಕ್ಯಾಲೆಂಡರಿನಂತಲ್ಲ. ಅರ್ಧಕ್ಕೆ ಬಿಟ್ಟ ವರ್ಷಕ್ಕೆ ಅಂಕವಿಲ್ಲ. ಆದ್ದರಿಂದ ಪಾಠವನ್ನು ತಿಂಗಳ ಲೆಕ್ಕದ ತುಂಡುಗಳಾಗಿ ಕತ್ತರಿಸಿದರು. ಆಯ್ಕೆ, ಬದಲಾವಣೆ, ಅಧಿಕಾರ, ನ್ಯಾಯ ಮುಂತಾಗಿ ತುಂಡಿಗೊಂದು ವಸ್ತು. ಒಂದು ಮುಗಿಸಿದರೆ ಅಷ್ಟರ ಗಳಿಕೆ ಹುಡುಗನ ಖಾತೆಗೆ. ಹೊರಬಿದ್ದ ಮೇಲೂ ಅದು ಅವನದೇ. ಬಿಡುಗಡೆಯಾದವನನ್ನು ಮುಂದಿನ ಶಾಲೆಗೋ ಕೆಲಸಕ್ಕೋ ಸೇರಿಸಲು ಜೊತೆಗೊಬ್ಬರು ನಿಲ್ಲುತ್ತಿದ್ದರು. 2009ರಲ್ಲಿ ಓಕ್ ಹಿಲ್ ಮುಚ್ಚಿತು. ಶಾಲೆ ಹೊಸ ಕಟ್ಟಡಕ್ಕೆ ಹೋಯಿತು.

ಕರ್ಮ ಬೆನ್ನು ಬಿಡದು ಎಂದು ನಂಬಿದವರಿಗೆ ಇದು ಮೆದುತನವಾಗಿ ಕಾಣಬಹುದು. ಆದರೆ ಇಲ್ಲಿ ಯಾರೂ ತಪ್ಪನ್ನು ಇಲ್ಲವೆನ್ನಲಿಲ್ಲ. ಹುಡುಗ ಮಾಡಿದ್ದೆಲ್ಲ ಲೆಕ್ಕಕ್ಕೆ ಬರುವುದಾದರೆ ಅವನು ಕಲಿತದ್ದೂ ಬರಬೇಕು ಎಂದರು, ಅಷ್ಟೆ.

ನಮ್ಮ 2015ರ ಬಾಲನ್ಯಾಯ ಕಾಯ್ದೆ ಮಕ್ಕಳಿಗೆ ಹೊಸ ಆರಂಭದ ಹಕ್ಕನ್ನು ತತ್ವವಾಗಿ ಒಪ್ಪಿದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ ಒಂದೊಂದೇ ವಿಷಯ ಪಾಸು ಮಾಡುತ್ತ ಐದು ವರ್ಷದೊಳಗೆ ಹತ್ತನೆಯ ತರಗತಿ ಮುಗಿಸಬಹುದು. ವಿಚಾರಣೆಯ ವೇಳೆ ಮಕ್ಕಳನ್ನಿಡುವ ವೀಕ್ಷಣಾಲಯಕ್ಕೆ ಬಂದ, ಅರ್ಹ ವಯಸ್ಸಿನ ಪ್ರತಿ ಮಗುವನ್ನೂ ಮೊದಲ ವಾರದಲ್ಲೇ ಆ ಸಂಸ್ಥೆಯಲ್ಲಿ ನೋಂದಾಯಿಸಲು ಹೊಸ ಕಾನೂನೇನೂ ಬೇಕಿಲ್ಲ.