ಕುದುರೆಯ ಭಾರ

ಹನ್ನೆರಡು ತಂತಿಯ ಗಿಟಾರನ್ನು ಕೈಯಾರೆ ಮಾಡೋ ಹುಚ್ಚು ಹತ್ತಿ ಆರು ತಿಂಗಳಾಯ್ತು. ಸಿಕ್ಕಿಬಿದ್ದಿರೋದು ಬ್ರಿಡ್ಜಿನಲ್ಲಿ. ವೀಣೆಯಲ್ಲಾದರೆ ಅದಕ್ಕೆ ಕುದುರೆ ಅಂತಾರೆ. ಭಾರ ಹೊರೋದು ಅದೇ ತಾನೆ. 6 ತಂತಿಯ ಗಿಟಾರಿನಲ್ಲಿ ಎಳೆತ ಸುಮಾರು 75 ಕಿಲೋ. 12 ಆದರೆ 100 ದಾಟುತ್ತೆ. ಅಷ್ಟನ್ನೂ ತಡೆಯೋದು 3 ಮಿಲಿಮೀಟರ್ ಹಲಗೆಗೆ ಅಂಟಿಸಿದ ಒಂದು ತುಂಡು ಬೀಟೆ.

ದಪ್ಪ ಮಾಡಿಬಿಡು ಅಂತು ಎಂಜಿನಿಯರ್ ಬುದ್ಧಿ. ಮಾಡಿದೆ. ಕದಲಲಿಲ್ಲ, ಹಾಡಲೂ ಇಲ್ಲ. ತಂತಿಯ ಕಂಪನ ಹಲಗೆಗೆ ಇಳಿಯಬೇಕಾದರೆ ಕುದುರೆ ತಾನೂ ಸ್ವಲ್ಪ ಅಲುಗಬೇಕು.

ಆಗ ಅಪ್ಪ ನೆನಪಾದ. ಅರಕೇರಾದಲ್ಲಿ ಮಳೆ ಕೈಕೊಟ್ಟ ವರ್ಷ, ನನ್ನ ಬಿಇ ಫೀಸು, ಅಕ್ಕನ ಮದುವೆ, ಎರಡಕ್ಕೂ ಸಾಲ. "ಏನಿಲ್ಲೋ, ನಡೀತದ" ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಅದೇ ಗಟ್ಟಿತನ ಅಂತ ಹೆಮ್ಮೆಪಟ್ಟಿದ್ದೆ. ಈಗ ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ನಾನೂ ಹೆಂಡತಿಗೆ ಅದನ್ನೇ ಅಂತೀನಿ.

ಮುರಿದ ಕುದುರೆ ಯಾರಿಗೂ ಬೇಡ, ನಿಜ. ಆದರೆ ಹೊತ್ತ ಭಾರ ಹತ್ತಿರದವರಿಗೆ ಕೇಳಿಸದಂತೆ ಹೊರೋದು ಉಪಕಾರವೋ, ಅವರನ್ನು ಹೊರಗಿಡೋ ರೀತಿಯೋ? ಅಪ್ಪ ಅಂದು ಹೇಳಿದ್ದರೆ ನನ್ನಿಂದ ಏನೂ ಆಗ್ತಿರಲಿಲ್ಲ. ಜೊತೆಗೆ ಕೂತಿರಬಹುದಿತ್ತು.

ಹನ್ನೆರಡು ತಂತಿ ನುಡಿಸೋ ಎಷ್ಟೋ ಜನ ಶ್ರುತಿಯನ್ನೇ ಒಂದು ಸ್ವರ ಇಳಿಸ್ತಾರೆ, ಎಳೆತ ತಗ್ಗುತ್ತೆ. ಭಾನುವಾರ ತಂತಿ ಬಿಚ್ಚಿ ಕುದುರೆಯನ್ನು ಉಜ್ಜಿ ತೆಳ್ಳಗೆ ಮಾಡಿದೆ, ಶ್ರುತಿ ಇಳಿಸಿದೆ. ಆಮೇಲೆ ಊರಿಗೆ ಫೋನ್ ಹಚ್ಚಿ, "ಅಪ್ಪಾ, ನಂಗ ಸಾಕಾಗ್ಯದ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನನಗೂ ಆ ವರ್ಷ..." ಅಂತ ಶುರು ಮಾಡಿದ.